ವಿಶ್ವೇಶ್ವರಯ್ಯ ಮತ್ತು ಮೋಟಾರು ವಾಹನ ಉದ್ಯಮ

ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯ (1861–1962) ಮುದ್ದೇನಹಳ್ಳಿಯಲ್ಲಿ ಜನಿಸಿದ ಖ್ಯಾತ ಎಂಜಿನಿಯರ್; 1912ರಿಂದ 1918ರವರೆಗೆ ಮೈಸೂರು ಸಂಸ್ಥಾನದ ದಿವಾನರಾಗಿದ್ದರು. ಭಾರತದಲ್ಲಿಯೇ ಮೋಟಾರು ಕಾರು ತಯಾರಾಗಬೇಕೆಂದು ಶ್ರಮಿಸಿದ ಮೊದಲಿಗರಲ್ಲಿ ಇವರೂ ಒಬ್ಬರು.

1928ರಿಂದ ಜನರಲ್ ಮೋಟಾರ್ಸ್ ಸಂಸ್ಥೆಯು ಆಮದು ಬಿಡಿಭಾಗಗಳನ್ನು ಮುಂಬಯಿಯಲ್ಲಿ ಜೋಡಿಸಿ ಕಾರುಗಳನ್ನು ಮಾರುತ್ತಿತ್ತು. ಇಂತಹ ಜೋಡಣೆಯಿಂದ ಕೆಲವರಿಗೆ ಕೆಲಸ ದೊರೆತರೂ ಭಾಗಗಳನ್ನು ತಯಾರಿಸುವ ವಿದ್ಯೆ ದೇಶಕ್ಕೆ ದಕ್ಕುತ್ತಿರಲಿಲ್ಲ. ಎಪ್ಪತ್ತು ದಾಟಿದ ವಯಸ್ಸಿನಲ್ಲಿ, 1935ರಲ್ಲಿ, ವಿಶ್ವೇಶ್ವರಯ್ಯನವರು ಯೂರೋಪು ಮತ್ತು ಅಮೆರಿಕದ ಕಾರ್ಖಾನೆಗಳನ್ನು ನೋಡಿ ಬಂದು, ಸ್ವದೇಶಿ ಕಾರ್ಖಾನೆಯ ಯೋಜನೆಯನ್ನು ರೂಪಿಸಿದರು. ಬ್ರಿಟಿಷ್ ಆಡಳಿತದ ಬೆಂಬಲ ದೊರೆಯದೆ ಅದು ನೆನೆಗುದಿಗೆ ಬಿದ್ದಿತು.

ಈ ಪ್ರಯತ್ನದಲ್ಲಿ ಜೊತೆಗಿದ್ದ ಉದ್ಯಮಿ ವಾಲಚಂದ್ ಹೀರಾಚಂದ್ 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಸ್ಥಾಪಿಸಿದರು. ಅಲ್ಲಿಯೂ ಮೊದಲು ನಡೆದದ್ದು ಅಮೆರಿಕದ ಕ್ರೈಸ್ಲರ್ ವಾಹನಗಳ ಜೋಡಣೆಯೇ. ಬಿಡಿಭಾಗಗಳ ತಯಾರಿಕೆ ಹಂತಹಂತವಾಗಿ ಬಂದಿತು. 1955ರಲ್ಲಿ ಭಾರತರತ್ನ ಪಡೆದ ವಿಶ್ವೇಶ್ವರಯ್ಯನವರು 1962ರಲ್ಲಿ ಬೆಂಗಳೂರಿನಲ್ಲಿ ನಿಧನರಾದರು.