ರೀಪ್ಲೇ ಇಲ್ಲದ ಹಾರಾಟ

ದಸರಾ ರಜೆಗೆ ನಾವು ಮೂವರು ರೂಮ್‌ಮೇಟ್ಸ್ ಗಂಗಾವತಿಯಿಂದ ಬಸ್ ಹಿಡಿದು ನವಲಿಗೆ ಹೋಗಿದ್ವಿ. ನಮ್ಮಲ್ಲೊಬ್ಬನ ಊರು ಅದು. ಮಧ್ಯಾಹ್ನ ಬಿಸಿಲಿಗೆ ಹೊರಗೆ ಹೋಗೋಕಾಗದೆ ಲ್ಯಾಪ್‌ಟಾಪ್‌ನಲ್ಲಿ ಯುದ್ಧವಿಮಾನದ ಸಿಮ್ಯುಲೇಟರ್ ಹಾಕ್ಕೊಂಡು ಕೂತ್ವಿ. ಅದರಲ್ಲಿ ಡೈವ್ ಬಾಂಬಿಂಗ್ ಇದೆ. ವಿಮಾನದ ಮೂಗು ಕೆಳಗೆ ಮಾಡಿ, ಗುರಿಯ ಕಡೆಗೇ ಧುಮುಕುತ್ತಾ ಬಾಂಬ್ ಬಿಡಬೇಕು. ಮೊದಲ ದಿನ ನಾವು ಬಿಟ್ಟ ಒಂದು ಬಾಂಬೂ ಸೇತುವೆಗೆ ತಾಗಲಿಲ್ಲ. ಎಲ್ಲವೂ ಗುರಿಗಿಂತ ಹಿಂದೆಯೇ ಬಿದ್ದವು.

ಮರುದಿನ ಹಾಳೆ ಪೆನ್ನು ತಗೊಂಡ್ವಿ. ಗಾಳಿಯ ತಡೆ ಬಿಟ್ಟು, ಎತ್ತರ 1000 ಮೀಟರ್, ವೇಗ ಸೆಕೆಂಡಿಗೆ 150 ಮೀಟರ್ ಅಂತ ಇಟ್ಕೊಂಡ್ವಿ. ಮೂಗನ್ನು ನೇರವಾಗಿ ಗುರಿಗೇ ಇಟ್ಟು 45 ಡಿಗ್ರಿಯಲ್ಲಿ ಧುಮುಕಿ ಬಾಂಬ್ ಬಿಟ್ಟರೆ ಅದು ಸುಮಾರು 250 ಮೀಟರ್ ಹಿಂದೆ ಬೀಳುತ್ತೆ. ಯಾಕಂದ್ರೆ ಕೆಳಗೆ ಹೋಗೋ ಏಳು ಸೆಕೆಂಡಲ್ಲಿ ಗುರುತ್ವ ಅದನ್ನು ನೇರ ದಾರಿಯಿಂದ ಕೆಳಗೆ ಎಳೆದುಬಿಡುತ್ತೆ. ಅದೇ 60 ಡಿಗ್ರಿಯಲ್ಲಿ ಧುಮುಕಿದರೆ ತಪ್ಪು ಸುಮಾರು 110 ಮೀಟರಿಗೆ ಇಳಿಯುತ್ತೆ. ಹಾಗಂತ ಬಹಳ ಕಡಿದಾಗಿ ಇಳಿದರೆ ಮೇಲೇಳೋಕೆ ಜಾಗ ಉಳಿಯಲ್ಲ. ಎರಡು ಸಲ ನಾವೇ ನೆಲಕ್ಕೆ ಹೋಗಿ ಕುಟ್ಟಿಕೊಂಡ್ವಿ.

ಕೊನೆಗೆ ನಮ್ಮನ್ನು ಸರಿದಾರಿಗೆ ತಂದದ್ದು ಲೆಕ್ಕಕ್ಕಿಂತ ಹೆಚ್ಚಾಗಿ ರೀಪ್ಲೇ. ಪ್ರತಿ ಸಲ ಬಾಂಬ್ ಎಲ್ಲಿ ಬಿತ್ತು ಅಂತ ನೋಡೋದು, ಆಂಗಲ್ ತಿದ್ದೋದು, ಮತ್ತೆ ಬಿಡೋದು. ಪಕ್ಕದಲ್ಲಿ ಕೂತು ನೋಡ್ತಿದ್ದ ಗೆಳೆಯನ ಅಜ್ಜ ಒಂದೇ ಒಂದು ಮಾತು ಕೇಳಿದರು. ನಿಜವಾದ ಯುದ್ಧದಾಗ ಎಲ್ಲಿ ಬಿತ್ತು ಅಂತ ಯಾರು ತೋರಸ್ತಾರ, ಅಂತ. ನಮಗೆ ಉತ್ತರ ಗೊತ್ತಿರಲಿಲ್ಲ. ಹುಡುಕುತ್ತಾ ಹೋದಾಗ ಸಿಕ್ಕಿದ್ದು ನಮ್ಮದೇ ರಾಜ್ಯದ ಒಬ್ಬ ಪೈಲಟ್ ಕಥೆ.

ಅಜ್ಜಮಾಡ ಬೋಪಯ್ಯ ದೇವಯ್ಯ ಹುಟ್ಟಿದ್ದು 1932ರ ಡಿಸೆಂಬರ್ 24ರಂದು, ಕೊಡಗಿನಲ್ಲಿ. 1954ರಲ್ಲಿ ವಾಯುಪಡೆಯ ಅಧಿಕಾರಿಯಾದರು. 1965ರಲ್ಲಿ ಪಾಕಿಸ್ತಾನದ ಜೊತೆ ಯುದ್ಧ ಶುರುವಾಗೋ ಹೊತ್ತಿಗೆ ಅವರು ಸ್ಕ್ವಾಡ್ರನ್ ಲೀಡರ್. ಹೊಸ ಪೈಲಟ್‌ಗಳಿಗೆ ಹಾರಾಟ ಕಲಿಸ್ತಿದ್ದ ಅವರನ್ನು ಪಂಜಾಬಿನ ಆದಂಪುರದಲ್ಲಿದ್ದ ಒಂದನೇ ಸ್ಕ್ವಾಡ್ರನ್‌ಗೆ ಕಳಿಸಿದರು. ಅಲ್ಲಿದ್ದದ್ದು ಫ್ರಾನ್ಸಿನ ಮಿಸ್ಟೇರ್ ವಿಮಾನಗಳು. ಎಲ್ಲಿ ಬೀಳುತ್ತೆ ಅಂತ ಹೇಳೋ ಕಂಪ್ಯೂಟರ್ ಅವುಗಳಲ್ಲಿ ಇರಲಿಲ್ಲ. ವೇಗ, ಎತ್ತರ, ಧುಮುಕೋ ಕೋನ ಎಲ್ಲವನ್ನೂ ಪೈಲಟ್ ತಾನೇ ಹದವಾಗಿ ಹಿಡಿಯಬೇಕಿತ್ತು.

ಸೆಪ್ಟೆಂಬರ್ 7ರ ನಸುಕಿಗೆ ಹನ್ನೆರಡು ಮಿಸ್ಟೇರ್‌ಗಳು ಸರ್ಗೋಧಾ ವಾಯುನೆಲೆಯ ಮೇಲೆ ದಾಳಿ ಮಾಡಬೇಕು ಅಂತ ನಿರ್ಧಾರವಾಯ್ತು. ನೇತೃತ್ವ ವಿಂಗ್ ಕಮಾಂಡರ್ ಓ. ಪಿ. ತನೇಜಾ ಅವರದು. ಕತ್ತಲಲ್ಲಿ ನೆಲಕ್ಕೆ ಹತ್ತಿರವಾಗಿ ಹಾರಿಹೋಗಬೇಕು. ಕೆಳಗೆ ಹಾರಿದಷ್ಟೂ ಜೆಟ್ ಎಂಜಿನ್ ಇಂಧನ ಜಾಸ್ತಿ ಕುಡಿಯುತ್ತೆ. ಹೋಗಿ ಬರೋಕೆ ಮಾತ್ರ ಸಾಕಾಗುವಷ್ಟು ಇಂಧನ, ದಾರಿಯಲ್ಲಿ ಕಾದಾಟಕ್ಕೆ ನಿಲ್ಲೋಕೆ ಅಲ್ಲ.

ಆ ಹನ್ನೆರಡರಲ್ಲಿ ದೇವಯ್ಯನವರ ಹೆಸರು ಇರಲಿಲ್ಲ. ಅವರು ಸ್ಟ್ಯಾಂಡ್‌ಬೈ. ಒಂದು ವಿಮಾನ ಹಿಂದೆ ಬಿದ್ದಿದ್ದಕ್ಕೆ ಅವರು ಆ ಜಾಗ ತುಂಬಿಕೊಂಡು, ಕೊನೆಯವರಾಗಿ ತಂಡದ ಹಿಂದೆ ಹೊರಟರು.

ಅಲ್ಲಿ ಅವರಿಗೆ ಎದುರಾಗಿದ್ದು ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಹಾರಿಸ್ತಿದ್ದ ಸ್ಟಾರ್‌ಫೈಟರ್. ಅದು ಶಬ್ದದ ಎರಡರಷ್ಟು ವೇಗದಲ್ಲಿ ಹೋಗಬಲ್ಲ ವಿಮಾನ. ಮಿಸ್ಟೇರ್ ಶಬ್ದದ ವೇಗ ದಾಟಬೇಕಂದ್ರೂ ಧುಮುಕಲೇಬೇಕು. ಸ್ಟಾರ್‌ಫೈಟರ್‌ನ ಗುಂಡುಗಳು ಮಿಸ್ಟೇರ್‌ಗೆ ತಾಗಿದವು. ಅಷ್ಟಕ್ಕೇ ಕಥೆ ಮುಗೀಬೇಕಿತ್ತು, ಮುಗೀಲಿಲ್ಲ. ಏಟು ತಿಂದ, ನಿಧಾನದ ವಿಮಾನದಲ್ಲೇ ದೇವಯ್ಯ ತಿರುಗಿ ಕಾದಾಡಿದರು. ಕೆಳಮಟ್ಟದ ಆ ಕಾದಾಟದಲ್ಲಿ ಸ್ಟಾರ್‌ಫೈಟರ್‌ಗೆ ಸರಿಯಾಗಿ ಏಟು ಬಿತ್ತು. ಹುಸೇನ್ ಪ್ಯಾರಾಚೂಟ್‌ನಲ್ಲಿ ಜಿಗಿದು ಬದುಕಿಕೊಂಡರು. ದೇವಯ್ಯ ಮರಳಲಿಲ್ಲ. ಅವರಿಗಾಗ 32 ವರ್ಷ.

ತಂಡದ ಉಳಿದವರ್ಯಾರೂ ಇದನ್ನು ನೋಡಿರಲಿಲ್ಲ. ಹಾಗಾಗಿ ನಮ್ಮ ಕಡೆಯ ದಾಖಲೆಯಲ್ಲಿ ಇಷ್ಟೇ ಉಳಿಯಿತು: ಒಬ್ಬ ಪೈಲಟ್ ಹೋದರು, ವಾಪಸ್ ಬರಲಿಲ್ಲ, ಕಾಣೆಯಾಗಿದ್ದಾರೆ. ಹೇಗೆ, ಎಲ್ಲಿ, ಯಾರ ಜೊತೆ ಕಾದಾಡಿ ಅನ್ನೋದು ಮನೆಯವರಿಗೂ ಗೊತ್ತಿಲ್ಲ, ಸ್ಕ್ವಾಡ್ರನ್‌ಗೂ ಗೊತ್ತಿಲ್ಲ.

ಹದಿನಾಲ್ಕು ವರ್ಷ ಹೀಗೇ ಕಳೆಯಿತು. 1979ರಲ್ಲಿ ಬ್ರಿಟನ್ನಿನ ಲೇಖಕ ಜಾನ್ ಫ್ರಿಕರ್ 1965ರ ವಾಯುಯುದ್ಧದ ಬಗ್ಗೆ ಪುಸ್ತಕ ಬರೆದರು. ಪಾಕಿಸ್ತಾನದ ಕಡೆಯಿಂದ ಸಿಕ್ಕ ವಿವರಗಳಿದ್ದ ಆ ಪುಸ್ತಕದಲ್ಲಿ ಒಂದು ಮಿಸ್ಟೇರ್ ಒಂದು ಸ್ಟಾರ್‌ಫೈಟರನ್ನು ಉರುಳಿಸಿದ ಸಂಗತಿ ಇತ್ತು. ಆ ದಿನ ಮರಳದ ಮಿಸ್ಟೇರ್ ಯಾವುದು ಅಂತ ತಾಳೆ ನೋಡಿದಾಗ ಅದು ದೇವಯ್ಯನವರದ್ದು ಅಂತ ಸ್ಪಷ್ಟವಾಯ್ತು. 1988ರಲ್ಲಿ, ಯುದ್ಧ ಮುಗಿದು 23 ವರ್ಷ ಆದಮೇಲೆ, ಅವರಿಗೆ ಮರಣೋತ್ತರ ಮಹಾವೀರ ಚಕ್ರ ಬಂತು. ಪದಕ ತಗೊಂಡದ್ದು ಅವರ ಪತ್ನಿ. ಇವತ್ತು ಮಡಿಕೇರಿಯಲ್ಲಿ ಅವರ ಹೆಸರಿನ ವೃತ್ತ ಇದೆ.

ನಾವು ರಿಸಲ್ಟ್ ಕಾಣದಿದ್ದರೆ ಆ ಕೆಲಸವೇ ಆಗಿಲ್ಲ ಅಂದ್ಕೊಳ್ಳೋರು. ಮಾರ್ಕ್ಸ್ ಶೀಟ್ ಇರಲಿ, ಕೋಡಿಂಗ್ ಸ್ಪರ್ಧೆ ಇರಲಿ, ಸ್ಕ್ರೀನ್ ಮೇಲೆ ಅಂಕ ಕಾಣಬೇಕು. ಆದರೆ ದೇವಯ್ಯನವರ ಗುರಿ ಆ ಬೆಳಿಗ್ಗೆಯೇ ತಾಗಿತ್ತು. ತಾಗಿದ್ದು ಕಂಡವರು ಮಾತ್ರ ಎದುರು ಪಾಳೆಯದಲ್ಲಿದ್ದರು.

ರಜೆ ಮುಗಿಸಿ ಹೊರಡೋ ಮುಂಚೆ ಅಜ್ಜನಿಗೆ ಅವರ ಪ್ರಶ್ನೆಯ ಉತ್ತರ ಹೇಳಿದ್ವಿ. ತೋರಿಸಿದ್ದು ವೈರಿಯೇ, ಅಂತ. ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಪೈಲಟ್ ತಾಯಿ ಅಲ್ಲಿವರೆಗೆ ಇದ್ದರೇನು ಅಂತ ಕೇಳಿದರು. ನಾವು ವಿಮಾನದ ವೇಗ, ಇಂಧನ, ಕೋನ ಎಲ್ಲ ಹುಡುಕಿದ್ವಿ. ಅದೊಂದನ್ನು ಹುಡುಕಿರಲಿಲ್ಲ.