ಕವಿಗಳ ಕಾಲ ಹುಡುಕಿದ ಆರ್. ನರಸಿಂಹಾಚಾರ್

ಪದ್ಯಪಾಠಕ್ಕೆ ಮೊದಲು ನಮ್ಮ ಪ್ರಶಿಕ್ಷಣಾರ್ಥಿಗಳು ಕವಿಯ ಹೆಸರು, ಸ್ಥಳ, ಕಾಲ, ಕೃತಿಗಳನ್ನು ಕಪ್ಪುಹಲಗೆಯ ಮೇಲೆ ಬರೆಯುತ್ತಾರೆ, ಮಕ್ಕಳು ಬರೆದುಕೊಳ್ಳುತ್ತಾರೆ. ಆ ಇಸವಿ ಎಲ್ಲಿಂದ ಬಂತೆಂದು ಇಬ್ಬರೂ ಕೇಳುವುದಿಲ್ಲ. ಹಳಗನ್ನಡ, ನಡುಗನ್ನಡ ಕವಿಗಳ ಕಾಲವನ್ನು ಹುಡುಕಿ ಅವರನ್ನು ಸಾಲಾಗಿ ನಿಲ್ಲಿಸಿದವರು ಬೂಕನಕೆರೆಗೆ ಹೊರಗಿನವರಲ್ಲ. ಆರ್. ನರಸಿಂಹಾಚಾರ್ಯರು 1860ರಲ್ಲಿ ಹುಟ್ಟಿದ್ದು ಶ್ರೀರಂಗಪಟ್ಟಣ ಸೀಮೆಯ ಕೊಪ್ಪಲಿನಲ್ಲಿ.

ಮದರಾಸು ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಎಂ.ಎ. ಮಾಡಿದ ಅವರು 1899ರಲ್ಲಿ ಮೈಸೂರು ಪುರಾತತ್ತ್ವ ಇಲಾಖೆಗೆ ಬಿ.ಎಲ್. ರೈಸರ ಸಹಾಯಕರಾಗಿ ಬಂದರು. 1906ರಿಂದ 1922ರವರೆಗೆ ಇಲಾಖೆಯನ್ನು ನಡೆಸಿದರು. ಶ್ರವಣಬೆಳಗೊಳದ ಶಾಸನಸಂಪುಟದಲ್ಲಿ ರೈಸರು 1889ರಲ್ಲಿ ಕೊಟ್ಟಿದ್ದು 144 ಶಾಸನ. ಆಚಾರ್ಯರ 1923ರ ಪರಿಷ್ಕರಣದಲ್ಲಿ ಅವು 500.

ಶಾಸನ ಓದಿದ ಕಣ್ಣೇ ಕಾವ್ಯಚರಿತ್ರೆಗೂ ಒದಗಿತು. ಕವಿ ತಾನೇ ಶಕವರ್ಷ ಹೇಳಿದ್ದರೆ ಕೆಲಸ ಸುಲಭ. ಪಂಪನ ಆದಿಪುರಾಣದ ಶಕ 863ಕ್ಕೆ 78 ಕೂಡಿದರೆ 941. ಏಳನೆಯ ತರಗತಿಯ ಮಗುವೂ ಮಾಡಬಹುದಾದ ಲೆಕ್ಕ. ಹೇಳದಿದ್ದರೆ? ಅವನು ಯಾವ ಹಿಂದಿನ ಕವಿಗಳನ್ನು ಹೊಗಳಿದ್ದಾನೆ, ಮುಂದಿನವರು ಯಾರು ಅವನನ್ನು ನೆನೆದಿದ್ದಾರೆ, ಆಶ್ರಯ ಕೊಟ್ಟ ಅರಸ ಯಾವ ಶಾಸನದಲ್ಲಿದ್ದಾನೆ ಎಂದು ನೋಡಬೇಕು. ಜೈನಕಾವ್ಯಗಳಲ್ಲಿ ಗುರುಪರಂಪರೆಯೂ ಸುಳಿವು ಕೊಡುತ್ತದೆ. ಗೊಮ್ಮಟನನ್ನು ಸ್ತುತಿಸಿದ ಬೊಪ್ಪಣನ ಪದ್ಯಗಳಂತೂ ಬೆಳಗೊಳದ ಕಲ್ಲಿನಲ್ಲೇ ಉಳಿದಿವೆ.

ಹೀಗೆ ಬೆಳೆದದ್ದು ಕರ್ಣಾಟಕ ಕವಿಚರಿತೆ. 1907ರ ಮೊದಲ ಸಂಪುಟಕ್ಕೆ ಎಸ್.ಜಿ. ನರಸಿಂಹಾಚಾರ್ಯರು ಜೊತೆಗಿದ್ದರು, ಮುಂದಿನದು ಇವರೊಬ್ಬರ ದುಡಿಮೆ. ಓಲೆಗರಿಯಲ್ಲಿದ್ದ ಜೈನಪುರಾಣ, ಶಿವಶರಣರ ಚರಿತ್ರೆ, ವೈಷ್ಣವಕಾವ್ಯ ಎಲ್ಲವನ್ನೂ ಅವುಗಳ ಮತತತ್ತ್ವ ತಿಳಿದೇ ಓದಬೇಕಿತ್ತು. ಸ್ವತಃ ಶ್ರೀವೈಷ್ಣವರಾದರೂ ಕವಿಗಳನ್ನು ಮತದ ಪ್ರಕಾರ ಪಂಕ್ತಿ ಬೇರೆ ಮಾಡಿ ಕೂರಿಸಲಿಲ್ಲ, ಕಾಲಕ್ರಮದಲ್ಲೇ ಇಟ್ಟರು. ನನ್ನ ಮಟ್ಟಿಗೆ ಅವರ ದೊಡ್ಡ ಕೆಲಸ ಇದೇ. ಕಾವ್ಯದ ಸೊಗಸು ಸವಿಯಲು ಈ ಗ್ರಂಥ ತೆರೆದವರಿಗೆ ನಿರಾಸೆಯಾದೀತು, ವಿಮರ್ಶೆ ಅಲ್ಲಿ ಕಡಿಮೆ. ಆಧಾರ ಬೇಕಾದವರಿಗೆ ಮಾತ್ರ ಬರಿಗೈ ಆಗುವುದಿಲ್ಲ.

1918ರಲ್ಲಿ ಧಾರವಾಡದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಎರಡನೆಯ ಸಂಪುಟ ಬಂದದ್ದು 1919ರಲ್ಲಿ. ನಿವೃತ್ತರಾದ ಮೇಲೆ ಮೊದಲನೆಯದನ್ನು ಮತ್ತೆ ತಿದ್ದಿ 1924ರಲ್ಲಿ ಹೊರತಂದರು. ಅಚ್ಚಾದ ಇಸವಿಗಳನ್ನೂ ಹೊಸ ಆಧಾರ ಸಿಕ್ಕಾಗ ಬದಲಿಸಲು ಅವರಿಗೆ ಸಂಕೋಚವಿರಲಿಲ್ಲ. ಮೂರನೆಯ ಸಂಪುಟ ಹೊರಬಂದ 1929ರಲ್ಲಿ ಅವರಿಗೆ ಎಪ್ಪತ್ತು ಸಮೀಪಿಸಿತ್ತು. 1936ರಲ್ಲಿ ತೀರಿಕೊಂಡರು.