ಹೊನ್ನಾವರದ ಮೇಲೆ ಹಾದು ಚೀನಾಕ್ಕೆ ಹೋದ ಖಾಜಿ

ನಮ್ಮ ಇತಿಹಾಸ ಪಠ್ಯದಲ್ಲಿ ಇಬ್ನ್ ಬತೂತರ ಹೆಸರು ವಿದೇಶಿ ಪ್ರವಾಸಿಗರ ಪಟ್ಟಿಯಲ್ಲಿ ಬಂದು ಹೋಗುತ್ತದೆ. ದೇಶ ಮೊರಾಕೊ, ಕೃತಿ ರಿಹ್ಲಾ. ಒಂದು ಅಂಕದ ಪ್ರಶ್ನೆಗೆ ಅಷ್ಟು ಸಾಕು. ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ. ಅವರ ಬಗ್ಗೆ ಹೆಚ್ಚು ಓದುವಂತೆ ಮಾಡಿದ್ದು ಒಂದು ಹರಿದ ಹತ್ತು ರೂಪಾಯಿ ನೋಟು. ಅಂಗಡಿಯಲ್ಲಿ ಅದನ್ನು ತೆಗೆದುಕೊಳ್ಳಲಿಲ್ಲ. ಕಾಗದಕ್ಕೆ ಬೆಲೆ ಬಂದದ್ದು ಎಲ್ಲಿಂದ ಎಂದು ಹುಡುಕುತ್ತಾ ಹೋದಾಗ ಚೀನಾ ಸಿಕ್ಕಿತು, ಅಲ್ಲಿ ಇಬ್ನ್ ಬತೂತರು ಸಿಕ್ಕರು.

ಅವರು ಹುಟ್ಟಿದ್ದು 1304ರಲ್ಲಿ, ಮೊರಾಕೊದ ತಾಂಜಿಯರ್‌ನಲ್ಲಿ. ಮನೆತನದವರು ಖಾಜಿಗಳು. 1325ರಲ್ಲಿ, 21ನೇ ವಯಸ್ಸಿಗೆ, ಹಜ್ ಮಾಡಲೆಂದು ಒಬ್ಬರೇ ಹೊರಟರು. ಮರಳಿ ಊರು ಸೇರುವಷ್ಟರಲ್ಲಿ 24 ವರ್ಷ ಕಳೆದಿತ್ತು. ಮಕ್ಕಾ, ಪರ್ಷಿಯಾ, ಆಫ್ರಿಕಾದ ಪೂರ್ವ ಕರಾವಳಿ, ಮಧ್ಯ ಏಷ್ಯಾ ಎಲ್ಲ ಸುತ್ತಿ 1333ರಲ್ಲಿ ಸಿಂಧೂ ನದಿಯ ದಡಕ್ಕೆ ಬಂದರು. ದೆಹಲಿಯಲ್ಲಿ ಮುಹಮ್ಮದ್ ಬಿನ್ ತುಘಲಕ್ ಅವರನ್ನು ಖಾಜಿಯನ್ನಾಗಿ ನೇಮಿಸಿದ.

ತುಘಲಕ್ ದರ್ಬಾರ್ ಎಂಬ ಮಾತು ನಮ್ಮಲ್ಲಿ ಈಗಲೂ ಇದೆ. ಗಿರೀಶ ಕಾರ್ನಾಡರ ನಾಟಕದಿಂದಲೂ ಅವನು ನಮಗೆ ಪರಿಚಿತ. ಇಬ್ನ್ ಬತೂತರು ಬರುವ ಸ್ವಲ್ಪ ಮೊದಲು ಆ ಸುಲ್ತಾನ ತಾಮ್ರದ ನಾಣ್ಯಕ್ಕೆ ಬೆಳ್ಳಿಯ ಬೆಲೆ ಕಟ್ಟಿ ಕೈಸುಟ್ಟುಕೊಂಡಿದ್ದ. ಚೀನಾದ ಕಾಗದದ ನೋಟಿನ ಸುದ್ದಿಯೇ ಅವನಿಗೆ ಈ ಯೋಚನೆ ಕೊಟ್ಟಿರಬೇಕೆಂದು ಹಲವು ಇತಿಹಾಸಕಾರರು ಹೇಳುತ್ತಾರೆ. ಜನ ಮನೆಮನೆಯಲ್ಲೂ ನಾಣ್ಯ ಎರಕ ಹೊಯ್ದರು. ಕೊನೆಗೆ ಖಜಾನೆಯೇ ತಾಮ್ರ ಪಡೆದು ಚಿನ್ನ ಬೆಳ್ಳಿ ಕೊಡಬೇಕಾಯಿತು. ಸುಲ್ತಾನನನ್ನು ಎಲ್ಲರೂ ಹುಚ್ಚ ಎನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ನಾಣ್ಯದ ಯೋಚನೆ ಅವನಿಗೆ ಬಂತು, ಅದನ್ನು ಕಾಯುವ ಆಡಳಿತ ಅವನ ಬಳಿ ಇರಲಿಲ್ಲ.

ಚೀನಾವನ್ನು ಆಗ ಆಳುತ್ತಿದ್ದವರು ಮಂಗೋಲರ ಯುವಾನ್ ವಂಶದವರು. ಅವರ ಚಕ್ರವರ್ತಿಯಿಂದ ದೆಹಲಿಗೆ ಉಡುಗೊರೆ ಬಂದಾಗ, ಅದಕ್ಕಿಂತ ಹೆಚ್ಚಿನ ಉಡುಗೊರೆಯೊಂದಿಗೆ ತುಘಲಕ್ ಇಬ್ನ್ ಬತೂತರನ್ನು ರಾಯಭಾರಿಯಾಗಿ ಕಳುಹಿಸಿದ. 1342ರ ಸುಮಾರಿಗೆ ಅವರು ಪಶ್ಚಿಮ ಕರಾವಳಿ ಹಿಡಿದು ನಮ್ಮ ಹೊನ್ನಾವರಕ್ಕೆ ಬಂದರು. ಅಲ್ಲಿದ್ದದ್ದು ಸುಲ್ತಾನ ಜಮಾಲುದ್ದೀನ್. ಅವನ ಮೇಲೆ ಒಬ್ಬ ಹಿಂದೂ ರಾಜ, ಅವನನ್ನು ವಿಜಯನಗರದ ಹರಿಹರನೆಂದು ಗುರುತಿಸುತ್ತಾರೆ. ಆ ಊರಲ್ಲಿ ಇಬ್ನ್ ಬತೂತರು ಎಣಿಸಿದ್ದು ಗಂಡುಮಕ್ಕಳ 23 ಶಾಲೆ, ಹೆಣ್ಣುಮಕ್ಕಳ 13 ಶಾಲೆ. ಅಲ್ಲಿನ ಹೆಂಗಸರಿಗೆ ಕುರ್‌ಆನ್ ಬಾಯಿಪಾಠವಿತ್ತು. ಇದನ್ನು ಬೇರೆಲ್ಲೂ ಕಂಡಿಲ್ಲವೆಂದು ಅವರು ಬರೆಸಿದ್ದಾರೆ. ಅರಕಲಗೂಡಿನಲ್ಲಿ ಹುಟ್ಟಿ ಬೆಳೆದ ನನ್ನ ನಾನಿ ಒಂದು ದಿನವೂ ಶಾಲೆಗೆ ಹೋದವರಲ್ಲ. ನಾನು ಈ ಭಾಗವನ್ನು ಅವರಿಗೆ ಎರಡು ಸಲ ಓದಿ ಹೇಳಬೇಕಾಯಿತು.

ಬಾರ್ಕೂರು, ಮಂಗಳೂರು ದಾಟಿ ಅವರು ಕಲ್ಲಿಕೋಟೆ ತಲುಪಿದಾಗ ಬಂದರಿನಲ್ಲಿ ಚೀನಾದ 13 ಹಡಗುಗಳು ನಿಂತಿದ್ದವು. ದೊಡ್ಡ ಹಡಗಿನಲ್ಲಿ ನಾಲ್ಕು ಅಂತಸ್ತು, ಬೀಗ ಹಾಕುವ ಕೋಣೆಗಳು, ಬಿದಿರು ಹೆಣೆದ ಹಾಯಿಗಳು, 600 ನಾವಿಕರು, 400 ಸೈನಿಕರು. ಮರದ ತೊಟ್ಟಿಗಳಲ್ಲಿ ಸೊಪ್ಪು, ಶುಂಠಿ ಕೂಡ ಬೆಳೆಯುತ್ತಿದ್ದರು. ಹೊರಡುವ ಹಿಂದಿನ ದಿನ ಶುಕ್ರವಾರ. ಜುಮಾ ನಮಾಜಿಗೆಂದು ಇಬ್ನ್ ಬತೂತರು ದಡದಲ್ಲಿ ಉಳಿದರು. ರಾತ್ರಿ ಬಿರುಗಾಳಿ ಎದ್ದು ಉಡುಗೊರೆ ತುಂಬಿದ ಹಡಗು ಒಡೆಯಿತು. ಅವರ ಸಾಮಾನಿದ್ದ ಇನ್ನೊಂದು ಹಡಗು ಅವರನ್ನು ಬಿಟ್ಟೇ ಹೊರಟುಹೋಯಿತು. ಕೈಯಲ್ಲಿ ಉಳಿದದ್ದು ಹತ್ತು ದಿನಾರ್ ಮತ್ತು ಒಂದು ಹಾಸುಗಂಬಳಿ.

ತುಘಲಕನ ಮುಂದೆ ಬರಿಗೈಯಲ್ಲಿ ನಿಲ್ಲುವ ಧೈರ್ಯ ಯಾರಿಗಿದೆ? ಅವರು ಹೊನ್ನಾವರಕ್ಕೆ ಮರಳಿದರು, ಮುಂದೆ ಮಾಲ್ಡೀವ್ಸ್‌ನಲ್ಲಿ ಖಾಜಿಯಾದರು, ಸಿಲೋನ್ ನೋಡಿದರು, ಮಧುರೈಗೆ ಹೋದರು. ಮಧುರೈಯ ಪುಟಗಳನ್ನು ಹಾಸನದವರು ಓದುವುದು ಕಷ್ಟ. ಅಲ್ಲಿನ ಸುಲ್ತಾನ ಗಿಯಾಸುದ್ದೀನ್ ಇಬ್ನ್ ಬತೂತರಿಗೆ ಷಡ್ಡಕನಾಗಬೇಕು. ನಮ್ಮ ಹೊಯ್ಸಳರ ಮೂರನೇ ವೀರ ಬಲ್ಲಾಳನನ್ನು ಸೆರೆಹಿಡಿದು ಕೊಂದು, ಹುಲ್ಲು ತುಂಬಿದ ಅವನ ಚರ್ಮವನ್ನು ಕೋಟೆಗೆ ನೇತುಹಾಕಿದ್ದನ್ನು ಕಣ್ಣಾರೆ ಕಂಡವರು ಇವರೇ. ಅದೇ ಸುಲ್ತಾನ ಹೆಂಗಸರನ್ನೂ ಮಕ್ಕಳನ್ನೂ ಕೊಲ್ಲಿಸಿದ್ದನ್ನು ಅವರು ಖಂಡಿಸಿ ಬರೆಸಿದ್ದಾರೆ. ಸಂಬಂಧಿಕನೆಂದು ಮುಚ್ಚಿಡಲಿಲ್ಲ. ಅಲ್ಲಿಂದ ಹೊರಟವರನ್ನು ಹೊನ್ನಾವರಕ್ಕೂ ಬಾರ್ಕೂರಿಗೂ ನಡುವೆ ಕಡಲ್ಗಳ್ಳರು ದೋಚಿದರು.

ಕೊನೆಗೆ ಬಂಗಾಳ, ಸುಮಾತ್ರಾ ಮಾರ್ಗವಾಗಿ ಚೀನಾದ ಕ್ವಾನ್‌ಝೌ ಬಂದರು ಮುಟ್ಟಿದರು. ಅರಬರು ಅದನ್ನು ಜೈತೂನ್ ಎನ್ನುತ್ತಿದ್ದರು. ಜೈತೂನ್ ಅಂದರೆ ಆಲಿವ್, ಆದರೆ ಆ ಊರಲ್ಲಿ ಆಲಿವ್ ಇರಲಿಲ್ಲ ಎಂದು ಅವರೇ ಹೇಳಿದ್ದಾರೆ. 1009ರಲ್ಲಿ ಸ್ಥಾಪನೆಯಾದ ಮಸೀದಿಯೊಂದು ಅಲ್ಲಿ ಇಂದಿಗೂ ಇದೆ.

ನಾನು ಹುಡುಕುತ್ತಿದ್ದ ನೋಟು ಇಲ್ಲಿ ಬರುತ್ತದೆ. ಸಂತೆಯಲ್ಲಿ ಚಿನ್ನ ಬೆಳ್ಳಿಯ ನಾಣ್ಯ ನಡೆಯುತ್ತಿರಲಿಲ್ಲ. ಅಂಗೈ ಅಗಲದ, ಅರಸನ ಮುದ್ರೆಯ ಕಾಗದವೇ ಹಣ. ಅಂಥ 25 ಕಾಗದಕ್ಕೆ ಒಂದು ಬಾಲಿಶ್ತ್. (ನಮ್ಮ ಮನೆಯ ಉರ್ದುವಿನಲ್ಲಿ ಬಾಲಿಶ್ತ್ ಎಂದರೆ ಗೇಣು. ಇದು ಬೇರೆ ಪದ, ಆದರೂ ನಗು ಬಂತು.) ನೋಟು ಹರಿದರೆ ಟಂಕಸಾಲೆಗೆ ಒಯ್ದು ಕೊಟ್ಟರಾಯಿತು, ಹೊಸದು ಸಿಗುತ್ತಿತ್ತು, ಶುಲ್ಕವಿಲ್ಲ.

ಇದನ್ನು ಮಂಗೋಲರು ಕಂಡುಹಿಡಿದದ್ದಲ್ಲ. ಮುನ್ನೂರು ವರ್ಷ ಹಿಂದೆಯೇ ಸಿಚುವಾನಿನ ವರ್ತಕರು ಭಾರದ ಕಬ್ಬಿಣದ ನಾಣ್ಯ ಹೊರಲಾರದೆ ಚೀಟಿ ಬರೆದುಕೊಳ್ಳುತ್ತಿದ್ದರು. 1020ರ ದಶಕದಲ್ಲಿ ಸರ್ಕಾರ ಆ ಕೆಲಸವನ್ನು ತಾನೇ ವಹಿಸಿಕೊಂಡಿತು. ಚೀನಾದಲ್ಲಿ ರಾಜವಂಶಗಳು ಬಂದುಹೋದರೂ ಕಡತ ಹಿಡಿದು ಕೂತ ಗುಮಾಸ್ತ ಎದ್ದುಹೋಗಲಿಲ್ಲ. ಹಡಗು ಹೊರಡುವಾಗ ಅದರಲ್ಲಿದ್ದವರ ಹೆಸರು ಬರೆದುಕೊಂಡು, ಮರಳಿದಾಗ ತಾಳೆ ನೋಡುತ್ತಿದ್ದರು. ಒಬ್ಬ ಕಡಿಮೆಯಾದರೂ ನಾಯಕ ಉತ್ತರ ಹೇಳಬೇಕು. ದಾರಿಯ ಛತ್ರಗಳಲ್ಲಿ ರಾತ್ರಿ ಅಧಿಕಾರಿ ತಂಗಿದವರ ಹೆಸರು ಬರೆದು ಬಾಗಿಲಿಗೆ ಬೀಗ ಹಾಕುತ್ತಿದ್ದ. ಬೆಳಿಗ್ಗೆ ಎಣಿಸಿ, ಜೊತೆಗೆ ಆಳು ಕಳುಹಿಸಿ, ಮುಂದಿನ ಛತ್ರದಿಂದ ಎಲ್ಲರೂ ತಲುಪಿದ ಪತ್ರ ತರಿಸುತ್ತಿದ್ದ. ಬೇಲೂರು, ಹಳೇಬೀಡು ನೋಡಲು ಬಂದವರು ಹಾಸನದ ಲಾಡ್ಜ್‌ಗಳಲ್ಲಿ ಆಧಾರ್ ತೋರಿಸಿ ಸಹಿ ಹಾಕುವುದು ಇದರ ಮುಂದೆ ಏನೂ ಅಲ್ಲ. ಒಂದು ದಿನ ಇಬ್ನ್ ಬತೂತರು ಗೆಳೆಯರೊಂದಿಗೆ ಪೇಟೆಯಲ್ಲಿ ಹಾದುಹೋದರು. ಸಂಜೆ ಮರಳುವಾಗ ಗೋಡೆಯ ಮೇಲೆ ಅವರದೇ ಚಿತ್ರಗಳಿದ್ದವು. ಅಪರಿಚಿತ ತಪ್ಪು ಮಾಡಿ ಓಡಿಹೋದರೆ ಹಿಡಿಯಲು ಈ ಏರ್ಪಾಟು. ಕೈತುಂಬ ಹಣವಿಟ್ಟುಕೊಂಡು ಒಬ್ಬರೇ ತಿಂಗಳುಗಟ್ಟಲೆ ಪ್ರಯಾಣ ಮಾಡಬಹುದಾದ ದೇಶ ಅದೆಂದು ಅವರು ಮೆಚ್ಚಿದ್ದಾರೆ. ನನಗೆ ಮೆಚ್ಚುಗೆಯ ಜೊತೆ ಸ್ವಲ್ಪ ಉಸಿರುಕಟ್ಟಿದಂತೆಯೂ ಆಯಿತು.

ಅವರಿಗೂ ಆಗಿರಬೇಕು. ಅಷ್ಟೆಲ್ಲ ಹೊಗಳಿದವರು ಆ ದೇಶ ತಮಗೆ ಹಿಡಿಸಲಿಲ್ಲವೆಂದೂ ಒಪ್ಪಿಕೊಂಡಿದ್ದಾರೆ. ಅಲ್ಲಿನ ಪೂಜಾಪದ್ಧತಿ ಕಂಡು ಬೇಸರವಾಗಿ ಮನೆಯೊಳಗೇ ಕೂರುತ್ತಿದ್ದರಂತೆ. ಹೊರಗೆ ಒಬ್ಬ ಮುಸಲ್ಮಾನ ಕಂಡರೆ ಸ್ವಂತ ಬಂಧು ಸಿಕ್ಕಷ್ಟು ಸಂತೋಷ. ಹೊನ್ನಾವರದಲ್ಲಿ ಅಷ್ಟು ತೆರೆದ ಕಣ್ಣಿನಿಂದ ನೋಡಿದವರು ಇಲ್ಲಿ ಬಾಗಿಲು ಹಾಕಿಕೊಂಡದ್ದು ನಮಗೆ ನಷ್ಟವೇ. ಒಂದು ಊರಲ್ಲಿ ಮಾತ್ರ, ತಾಂಜಿಯರ್ ಪಕ್ಕದ ಸಬ್ತಾದಿಂದ ಬಂದು ಅಲ್ಲಿ ಶ್ರೀಮಂತರಾಗಿದ್ದ ಕಿವಾಮುದ್ದೀನ್ ಎಂಬ ವಿದ್ವಾಂಸರು ಸಿಕ್ಕಾಗ ಇಬ್ಬರೂ ಅತ್ತರು. ಅವರು ಬೀಜಿಂಗ್ ತಲುಪಿದ್ದು ನಿಜವೇ ಎಂದು ಇತಿಹಾಸಕಾರರಿಗೆ ಸಂಶಯವಿದೆ. ಚೀನಾ ಪ್ರವಾಸವನ್ನೇ ನಂಬದವರೂ ಇದ್ದಾರೆ. ನೋಟಿನ ವಿವರ ಓದಿದ ಮೇಲೆ ನಾನು ನಂಬುವವರ ಕಡೆ.

ಯುವಾನ್ ಸರ್ಕಾರ ಖರ್ಚಿಗೆ ಸಾಲದೆ ನೋಟು ಅಚ್ಚು ಹಾಕುತ್ತಲೇ ಹೋಯಿತು. ಬೆಲೆಗಳು ಏರಿದವು, 1351ರಲ್ಲಿ ರೈತರು ದಂಗೆ ಎದ್ದರು, 1368ರಲ್ಲಿ ಮಿಂಗ್ ವಂಶ ಬಂತು. ಹೊಸಬರು 1375ರಲ್ಲಿ ತಮ್ಮದೇ ನೋಟು ಹೊರಡಿಸಿದರು. ಅದೂ ಬೆಲೆ ಕಳೆದುಕೊಂಡು ಜನ ಬೆಳ್ಳಿಗೆ ಮರಳಿದರು.

ಇಬ್ನ್ ಬತೂತರು 1349ರಲ್ಲಿ ಊರಿಗೆ ಮರಳಿದಾಗ ತಾಯಿ ಪ್ಲೇಗಿನಲ್ಲಿ ತೀರಿಕೊಂಡು ಕೆಲವೇ ತಿಂಗಳಾಗಿತ್ತು. ಮುಂದೆ ಸಹಾರಾ ದಾಟಲು ಹೊರಟಾಗ ಸಿಜಿಲ್ಮಾಸಾದಲ್ಲಿ ಅವರು ಉಳಿದುಕೊಂಡದ್ದು ಕಿವಾಮುದ್ದೀನರ ಸಹೋದರನ ಮನೆಯಲ್ಲಿ. 1355ರಲ್ಲಿ ಫೆಜ್ ನಗರದಲ್ಲಿ ಸುಲ್ತಾನನ ಅಪ್ಪಣೆಯಂತೆ ಅವರು ನೆನಪಿನಿಂದ ಹೇಳುತ್ತಾ ಹೋದರು, ಇಬ್ನ್ ಜುಝಯ್ ಎಂಬ ಲೇಖಕ ಬರೆದುಕೊಂಡರು. ಹಡಗು ಒಡೆದು, ಕಳ್ಳರು ದೋಚಿ, ಹದಿಮೂರು ವರ್ಷ ಕಳೆದ ಮೇಲೂ ಹೊನ್ನಾವರದ ಶಾಲೆಗಳ ಲೆಕ್ಕ ಅವರಿಗೆ ನೆನಪಿತ್ತು.